5000 ವ್ಯಾಟಿನ ಸ್ಟಿಕ್ಕರ್, 30 ಆಂಪಿನ ಫ್ಯೂಸ್

ರಾತ್ರಿ ಹನ್ನೊಂದೂವರೆ. ಮೊದಲು ಕಿಟಕಿಯ ಗಾಜಿಗೆ ಎಚ್ಚರವಾಯಿತು, ಆಮೇಲೆ ನನಗೆ. ಆ ಕಾರು ಬಂತು. ಯಾವ ಕಾರು ಅಂತ ನಿಮಗೆ ಹೇಳಬೇಕಿಲ್ಲ, ನಿಮ್ಮ ಬೀದಿಗೂ ಒಂದು ಇದ್ದೇ ಇರುತ್ತದೆ. ಅದರಲ್ಲಿ ಯಾವ ಹಾಡು ಬರುತ್ತದೆ ಅಂತ ಮಾತ್ರ ಇವತ್ತಿನವರೆಗೂ ಗೊತ್ತಾಗಿಲ್ಲ. ಮಾತು, ರಾಗ ಎಲ್ಲ ಕಾರಿನೊಳಗೇ ಉಳಿಯುತ್ತವೆ. ಹೊರಗೆ ಬರುವುದು ಬಾಸ್, ಅಂದರೆ ತಗ್ಗಿನ ಸದ್ದು ಮಾತ್ರ. 40 ಹರ್ಟ್ಸ್‌ನ ಬಾಸ್ ಅಲೆ ಎಂಟೂವರೆ ಮೀಟರ್ ಉದ್ದ. ಅದು ಗೋಡೆಯನ್ನು ಕೇಳಿ ಒಳಗೆ ಬರುವುದಿಲ್ಲ. ನಮ್ಮ ಪಾಲಿಗೆ ಡುಬ್ ಡುಬ್, ಜೊತೆಗೆ ನಂಬರ್ ಪ್ಲೇಟಿನ ಗಡಗಡ.

ಒಂದು ದಿನ ಮಾಲೀಕನನ್ನು ಸುಮ್ನೆ ಹೊಗಳಿದೆ. ಪಾಪ, ಖುಷಿಯಿಂದ ಡಿಕ್ಕಿ ತೆಗೆದು ತೋರಿಸಿದ. 12 ಇಂಚಿನ ವೂಫರ್, ಅಂದರೆ ಬಾಸ್ ಹೊರಡಿಸುವ ಸ್ಪೀಕರ್, ಎರಡು. ಆಂಪ್ಲಿಫೈಯರ್ ಮೇಲೆ ಹೊಳೆಯುವ ಸ್ಟಿಕ್ಕರ್: 5000 ವ್ಯಾಟ್. ಪಕ್ಕದಲ್ಲೇ ಫ್ಯೂಸ್: 30 ಆಂಪ್. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು 14 ವೋಲ್ಟ್ ಚಿಲ್ಲರೆ. ಗುಣಿಸಿದರೆ 420 ವ್ಯಾಟ್. ಅದರಲ್ಲೂ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಮಿಕ್ಕ 4580 ವ್ಯಾಟ್ ಸ್ಟಿಕ್ಕರಿನ ಅಂಟಿನಿಂದ ಬರುತ್ತಿರಬೇಕು.

‘ಅದು ಪೀಕ್ ಪವರ್ ಸಾರ್’ ಅಂದ. ಸರಿ ಮಾರಾಯ. ನನಗೂ ಪೀಕ್ ಪವರ್ ಇದೆ. ಒಮ್ಮೆ ನಾಯಿ ಅಟ್ಟಿಸಿಕೊಂಡು ಬಂದಾಗ ಆಳೆತ್ತರದ ಕಾಂಪೌಂಡ್ ಹಾರಿದ್ದೆ. ಹಾಗಂತ ಹೆಸರಿನ ಮುಂದೆ ‘ಹೈಜಂಪ್ ಪಟು’ ಅಂತ ಹಾಕಿಕೊಂಡಿಲ್ಲ. ನಾಯಿ ಇಲ್ಲದಾಗ ನಾನು ಎಷ್ಟು ಹಾರುತ್ತೇನೋ ಅದೇ ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ಪವರ್. ಅದನ್ನು ಇರುವೆ ಕಾಲಿನಂಥ ಅಕ್ಷರದಲ್ಲಿ ಕೈಪಿಡಿಯ ಕೊನೆಯಲ್ಲಿ ಅಚ್ಚು ಹಾಕಿರುತ್ತಾರೆ. ಇನ್ನೊಂದು ವಿಷಯ. ವ್ಯಾಟ್ ದುಪ್ಪಟ್ಟಾದರೆ ಏರುವುದು ಬರೀ 3 ಡೆಸಿಬೆಲ್. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

‘ವೂಫರ್ ಕೂರಿಸಿದ ಡಬ್ಬ ಯಾವ ಲೆಕ್ಕದ್ದು?’ ಅಂತ ಕೇಳಿದೆ.

‘ಡಿಕ್ಕಿಗೆ ಹಿಡಿಸುವ ಲೆಕ್ಕದ್ದು.’

ಎಂಜಿನಿಯರುಗಳಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ, ಆಸ್ಟ್ರೇಲಿಯಾದಲ್ಲಿ ಕೂತು ಲೆಕ್ಕ ಹಾಕಿ ಹಾಕಿ ಬರೆದಿಟ್ಟರು. ಯಾವ ವೂಫರ್‌ಗೆ ಯಾವ ಡಬ್ಬ ಅಂತ. ವೂಫರಿನ ಎಫ್‌ಎಸ್ (ಅದು ತಾನಾಗಿ ಕಂಪಿಸುವ ಆವರ್ತನ) ಅನ್ನು ಕ್ಯೂಇಎಸ್‌ನಿಂದ (ಆ ಕಂಪನವನ್ನು ಅದರ ಕಾಯಿಲ್, ಮ್ಯಾಗ್ನೆಟ್ ಎಷ್ಟು ತಡೆಯುತ್ತವೆ ಅಂತ ಹೇಳುವ ಅಂಕಿ) ಭಾಗಿಸಿ. 50ರ ಸುತ್ತಮುತ್ತ ಬಂದರೆ ಮುಚ್ಚಿದ ಡಬ್ಬ, 100ರ ಹತ್ತಿರ ಬಂದರೆ ಪೋರ್ಟ್, ಅಂದರೆ ಗಾಳಿ ಆಡಲು ಕೊಳವೆಯಂಥ ಕಿಂಡಿ, ಇರುವ ಡಬ್ಬ. ಒಂದೇ ಒಂದು ಭಾಗಾಕಾರ! ಮುಚ್ಚಿದ ಡಬ್ಬದಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗ್ ಆಗಿ ಕೋನನ್ನು, ಅಂದರೆ ಅಲುಗಾಡಿ ಸದ್ದು ಮಾಡುವ ಶಂಕುವನ್ನು, ಹಿಡಿದುಕೊಳ್ಳುತ್ತದೆ. ಪೋರ್ಟಿನದು ಜಾಸ್ತಿ ಜೋರು, ಆದರೆ ಟ್ಯೂನ್ ಮಾಡಿದ ಸ್ವರಕ್ಕಿಂತ ಕೆಳಗಿಳಿದರೆ ಕೋನಿಗೆ ಹಿಡಿತವೇ ಇಲ್ಲ, ಸುಮ್ಮನೆ ಬಡಿದಾಡುತ್ತದೆ. ನಮ್ಮವನದು ಮುಚ್ಚಿದ ಡಬ್ಬದ ವೂಫರ್, ಕೂರಿಸಿದ್ದು ಕಿಷ್ಕಿಂಧೆಯಂಥ ಪೋರ್ಟ್ ಡಬ್ಬದಲ್ಲಿ. ಯಾವ ಹಾಡು ಹಾಕಿದರೂ ಒಂದೇ ಸ್ವರ ಗುಮ್ಮೆನ್ನುತ್ತದೆ. ಹಾಡು ಬದಲಾಯಿಸುವ ಕಷ್ಟ ಯಾಕೆ ತಗೊಳ್ತಾನೋ.

ನಾನೇನು ಬಾಸ್ ವಿರೋಧಿಯಲ್ಲ. ಕಾರಿನಂಥ ಸಣ್ಣ ಜಾಗ ತಗ್ಗಿನ ಸದ್ದನ್ನು ತಾನೇ ಎತ್ತಿಕೊಡುತ್ತದೆ. ಸರಿಯಾದ ಡಬ್ಬದಲ್ಲಿ ಕೂತ ಒಂದು 10 ಇಂಚಿನ ವೂಫರ್ ಒಳಗಿರುವವರಿಗೆ ಧಾರಾಳವಾಯಿತು. ಆದರೆ ಒಳಗಿನವರಿಗೆ ಸಾಕಾಗುವುದು ಅವನಿಗೆ ಬೇಕಿಲ್ಲ. ನನಗೆ ಕೇಳಿಸಬೇಕು. ನನಗೆ ಬೇಡ. ಬೆಳಿಗ್ಗೆ ಆರಕ್ಕೆ ಏಳಬೇಕು, ಮಲಗಲು ಬಿಡಿ. ಇದರಲ್ಲಿ ತಮಾಷೆ ಏನೂ ಇಲ್ಲ.

ಮೊನ್ನೆ ಅವನೇ ಬಂದು ನಂಬರ್ ಪ್ಲೇಟಿನ ಗಡಗಡಕ್ಕೆ ಏನು ಮಾಡಲಿ ಅಂತ ಕೇಳಿದ. ಹಿಂದೆ ಒಂದು ತುಂಡು ಫೋಮ್ ಅಂಟಿಸಪ್ಪ ಅಂದೆ. ಅಂಟಿಸಿದ. ಈಗ ಡುಬ್ ಬಹಳ ಸ್ಪಷ್ಟವಾಗಿ ಕೇಳುತ್ತಿದೆ.