ತೂಬು ಮುಚ್ಚಿದ ಬಾಗಿಲು

ಕಾರಿನ ಬಾಗಿಲು ಹಾಕಿದರೆ ‘ಧಡ್’ ಎನ್ನಬೇಕು. ಅಂಬಾಸಿಡರ್ ಆದರೆ ಹಳೆಯ ಮನೆಯ ಹೆಬ್ಬಾಗಿಲು ಹಾಕಿದಷ್ಟು ಗಡುಸಾಗಿ ಎನ್ನಬೇಕು. ನನ್ನದು ಈ ಆಷಾಢದಲ್ಲಿ ‘ಧಡ್, ಗುಳುಗುಳು’ ಎಂದಿತು. ಮೊದಲ ದಿನ, ಹಿಂದಿನ ಸೀಟಿನಲ್ಲಿ ಯಾರೋ ನೀರಿನ ಬಾಟಲಿ ಬಿಟ್ಟುಹೋಗಿದ್ದಾರೆ ಎಂದುಕೊಂಡೆ. ಎರಡನೆಯ ದಿನ ಸೀಟಿನಡಿ ಕೈಹಾಕಿ ಬಾಟಲಿ ಹುಡುಕಿದೆ. ಮೂರನೆಯ ದಿನ ಆಲ್ದೂರಿನ ಹತ್ತಿರ ತಿರುವು ತೆಗೆದುಕೊಂಡಾಗ ಶಬ್ದ ನನ್ನ ಬಲ ಮೊಣಕೈಯ ಕೆಳಗಿನಿಂದಲೇ ಬಂತು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ನನ್ನ ಬಾಗಿಲು ಪೂರ್ತಿ ತುಂಬಿರಲಿಲ್ಲ, ಅದಕ್ಕೇ ತುಳುಕುತ್ತಿತ್ತು.

ಇದು 65,000 ರೂಪಾಯಿ ಕೊಟ್ಟು ಮೂರು ತಿಂಗಳ ಹಿಂದಷ್ಟೇ ಟಿಂಕರಿಂಗ್, ಪೇಂಟಿಂಗ್ ಎರಡನ್ನೂ ಮಾಡಿಸಿ ತಂದ ಗಾಡಿ.

ಅಪ್ಪ ಇದನ್ನು ಕೊಂಡದ್ದು 1971ರಲ್ಲಿ. ಮಾರ್ಕ್ ಟು. ಆಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರು. ಕರ್ನಾಟಕ ಎಂದಾಗಲು 1973ರ ನವೆಂಬರ್ ಬರಬೇಕಾಯಿತು. ಕಾಫಿ ಮೂಟೆ, ಗೊಬ್ಬರ, ಬಸುರಿ ಬಾಣಂತಿಯರು, ಒಮ್ಮೆ ಕಾಲು ಮುರಿದ ಕರು, ಎಲ್ಲವನ್ನೂ ಹೊತ್ತ ಗಾಡಿ. ಪೊಟ್ಯಾಷ್ ಚೀಲ ಹೊತ್ತು ಹೊತ್ತು ಡಿಕ್ಕಿಯ ತಳ ಮೊದಲೇ ತೂತಾಗಿತ್ತು. ಪೊಟ್ಯಾಷ್ ಎಂದರೆ ಒಂದು ಬಗೆಯ ಉಪ್ಪೇ ಅಲ್ಲವೇ, ಕಬ್ಬಿಣಕ್ಕೆ ಅದಕ್ಕಿಂತ ದೊಡ್ಡ ವೈರಿ ಬೇಕಿಲ್ಲ. ಅಪ್ಪ ಹೋದ ಮೇಲೆ ಅಣ್ಣಂದಿರಿಬ್ಬರೂ ‘ಗುಜರಿಗೆ ಹಾಕು’ ಎಂದರು, ನಾನು ಹಟ ಹಿಡಿದು ತಂದೆ. ಈ ಮೇ ತಿಂಗಳಲ್ಲಿ ಅಣ್ಣನ ಮಗಳ ಮದುವೆ ಇತ್ತು. ಗುಜರಿಗೆ ಹಾಕು ಎಂದ ಅದೇ ಅಣ್ಣ, ‘ಮದುಮಗಳನ್ನು ಅಪ್ಪನ ಕಾರಿನಲ್ಲೇ ಕರೆದುಕೊಂಡು ಹೋಗೋಣ’ ಎಂದ. ಸರಿ, ಚಿಕ್ಕಮಗಳೂರಿನ ಒಂದು ವರ್ಕ್‌ಶಾಪಿಗೆ ಗಾಡಿ ಬಿಟ್ಟೆ. ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೆ ಪುಕ್ಕಟೆ ಪ್ರಚಾರವಾದೀತು.

ಬಿಡುವಾಗಲೇ ಬಾಗಿಲ ಕೆಳ ಅಂಚಿನಲ್ಲಿ ಬಟಾಣಿ ಕಾಳಿನಷ್ಟು ದಪ್ಪದ ಗುಳ್ಳೆಗಳನ್ನು ಬೆರಳಿಟ್ಟು ತೋರಿಸಿದ್ದೆ. ‘ಇದು ಹೊರಗಿನ ತುಕ್ಕಲ್ಲ, ಒಳಗಿನಿಂದ ಬಂದದ್ದು, ಒಳಗಿನ ಬೋರ್ಡು ಬಿಚ್ಚಿ ನೋಡಿ’ ಎಂದಿದ್ದೆ. ವರ್ಕ್‌ಶಾಪಿನಾತ ತಲೆ ಆಡಿಸಿದ. ಆಮೇಲೆ ನನ್ನ ಹಿಂದೆ ಯಾರಾದರೂ ಗಂಡಸರು ಬಂದಿದ್ದಾರೆಯೇ ಎಂದು ಗೇಟಿನ ಕಡೆ ನೋಡಿದ. ‘ಯಜಮಾನರ ನಂಬರ್ ಕೊಡಿ ಮೇಡಂ, ಅವರ ಹತ್ತಿರ ಮಾತನಾಡುತ್ತೇನೆ’ ಎಂದ. ನಮ್ಮ ಯಜಮಾನರಿಗೆ ಬಾನೆಟ್ ಯಾವುದು ಡಿಕ್ಕಿ ಯಾವುದು ಎಂದು ಗೊತ್ತಿರುವುದೇ ದೊಡ್ಡದು.

ಗಾಡಿ ಬಂದಾಗ ಹೊಳೆಯುತ್ತಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಬಿಲ್ಲಿನಲ್ಲಿ ‘ಆಂಟಿ ರಸ್ಟ್ ಕೋಟಿಂಗ್ – 4,500’ ಎಂಬ ಸಾಲಿತ್ತು. ಅದನ್ನು ನೋಡಿ ಖುಷಿಯಾಗಿ, ಕೆಲಸದ ಹುಡುಗರಿಗೆ ಕಾಫಿ ಪುಡಿ ಬೇರೆ ಕೊಟ್ಟು ಬಂದೆ. ಮನೆಯ ಪುಡಿ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಶಬ್ದ ಶುರುವಾದ ಆ ಮೂರನೆಯ ದಿನ, ಜುಲೈನಲ್ಲಿ, ಮನೆಗೆ ಬಂದವಳೇ ಬಾಗಿಲ ಒಳಗಿನ ಬೋರ್ಡನ್ನು ನಾನೇ ಬಿಚ್ಚಿದೆ. ಗಾಜು ಏರಿಸುವ ಹಿಡಿಯ ಹಿಂದಿನ ಬಿಲ್ಲೆಯನ್ನು ಒಳಕ್ಕೆ ಒತ್ತಿ ಹಿಡಿದು, ಸಣ್ಣ ಪಿನ್ನನ್ನು ಮೊಳೆಯಿಂದ ತಳ್ಳಿದರೆ ಹಿಡಿ ಕೈಗೆ ಬರುತ್ತದೆ. ಅಪ್ಪ ಮಾಡುವುದನ್ನು ಸಣ್ಣವಳಿದ್ದಾಗ ಎಷ್ಟು ಸಲ ನೋಡಿಲ್ಲ. ಬೋರ್ಡು ಮಾತ್ರ ಒಂದೇ ತುಂಡಾಗಿ ಬರಲಿಲ್ಲ. ನೀರು ಕುಡಿದು ಸಾರಿಗೆ ಅದ್ದಿದ ಹಪ್ಪಳದ ಹಾಗಾಗಿತ್ತು, ಎಳೆದರೆ ಪದರ ಪದರವಾಗಿ ಬಂತು. ಅದರ ಹಿಂದೆ ಅಪ್ಪ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಇರಬೇಕಿತ್ತು. ಇರಲಿಲ್ಲ. ಪೇಂಟ್ ಹೊಡೆಯುವಾಗ ಕಿತ್ತು ಬಿಸಾಡಿದ್ದಾರೆ. ಬಾಗಿಲೊಳಗೆ ಇಳಿದ ನೀರು ಬೋರ್ಡಿಗೆ ತಾಗದಿರಲಿ ಎಂದೇ ಆ ಹಾಳೆ ಇರುವುದು, ಅದನ್ನು ಕಸ ಎಂದುಕೊಂಡಿದ್ದಾರೆ ಮಹಾನುಭಾವರು.

ಟಾರ್ಚು ಹಿಡಿದು ಬಗ್ಗಿ ನೋಡಿದೆ. ಕೆಳಗೆ ನಾಲ್ಕು ಬೆರಳು ಎತ್ತರ ನೀರು, ಅದರ ಮೇಲೆ ತೇಲುತ್ತಿದ್ದ ಎರಡು ಸಿಲ್ವರ್ ಓಕ್ ಎಲೆ, ತಳದಲ್ಲಿ ಕೆಂಪು ಮಣ್ಣಿನ ಗೊಜ್ಜು. ಸಣ್ಣದೊಂದು ಮೀನು ಬಿಟ್ಟಿದ್ದರೆ ಬದುಕುತ್ತಿತ್ತು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ವರ್ಕ್‌ಶಾಪಿನವರೂ ಅವರಲ್ಲಿ ಸೇರಿದ್ದಾರೆ. ಕಾರಿನ ಬಾಗಿಲೊಳಗೆ ನೀರು ಹೋಗುವುದು ತಪ್ಪಲ್ಲ. ಗಾಜು ಮೇಲೆ ಕೆಳಗೆ ಜಾರುವ ಸಂದಿಯಲ್ಲಿ ಬೀಡಿಂಗ್, ಅಂದರೆ ರಬ್ಬರಿನ ಪಟ್ಟಿ, ಎಷ್ಟೇ ಒಳ್ಳೆಯದಿದ್ದರೂ ಮಳೆ ಸ್ವಲ್ಪ ಒಳಗಿಳಿದೇ ಇಳಿಯುತ್ತದೆ. ಬಾಗಿಲು ಮಾಡಿದವರಿಗೆ ಅದು ಗೊತ್ತಿತ್ತು. ಅದಕ್ಕಾಗಿಯೇ ಕೆಳ ಅಂಚಿನಲ್ಲಿ ತೂತುಗಳನ್ನು ಬಿಟ್ಟಿರುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ತೂಬು. ಅಯ್ಯನಕೆರೆಯಂಥ ಕೆರೆಗೇ ತೂಬು ಬೇಕು, ನೀರು ಬರುವುದನ್ನು ಯಾರೂ ನಿಲ್ಲಿಸುವುದಿಲ್ಲ, ಹೋಗುವುದಕ್ಕೆ ದಾರಿ ಇಡುತ್ತಾರೆ. ಇವರು ನನ್ನ ನಾಲ್ಕೂ ಬಾಗಿಲಿನ ತೂಬಿನ ಮೇಲೆ ಕಪ್ಪು ಕೋಟಿಂಗ್ ಬಳಿದಿದ್ದರು. ಚೆನ್ನಾಗಿ, ಧಾರಾಳವಾಗಿ, ಎರಡು ಪದರ. ಅದೇ ಆ 4,500 ರೂಪಾಯಿಯ ಆಂಟಿ ರಸ್ಟ್! ತುಕ್ಕು ಬಾರದಿರಲಿ ಎಂದು ನಾನು ಕೊಟ್ಟ ಹಣದಲ್ಲೇ ತುಕ್ಕಿಗೆ ತೊಟ್ಟಿ ಕಟ್ಟಿಕೊಟ್ಟಿದ್ದಾರೆ.

ಸೈಕಲ್ ಕಡ್ಡಿಯಿಂದ ಕೆಳಗಿನಿಂದ ಚುಚ್ಚಿದೆ. ಮೊದಲು ಕಪ್ಪು ಅಂಟು, ಆಮೇಲೆ ಮಣ್ಣು, ಆಮೇಲೆ ಒಮ್ಮೆಲೇ ಡಿಕಾಕ್ಷನ್ ಬಣ್ಣದ ನೀರು ನನ್ನ ಮೊಣಕೈವರೆಗೂ ಇಳಿಯಿತು. ಒಂದೇ ಬಾಗಿಲಿನಿಂದ ಎರಡು ಚೊಂಬು. ಜೊತೆಗೆ ಈರುಳ್ಳಿ ಸಿಪ್ಪೆಯಂಥ ತುಕ್ಕಿನ ಚಕ್ಕೆಗಳು ಬೊಗಸೆ ತುಂಬಾ.

ಆ ಚಕ್ಕೆಗಳನ್ನು ಉಪ್ಪಿನಕಾಯಿ ಭರಣಿಯಲ್ಲಿ ಹಾಕಿಕೊಂಡು ವರ್ಕ್‌ಶಾಪಿಗೆ ಹೋದೆ. ಯಜಮಾನರನ್ನು ಬೇಕೆಂದೇ ಕರೆದುಕೊಂಡು ಹೋಗಲಿಲ್ಲ. ಆತ ಭರಣಿಯನ್ನು ಅಲ್ಲಾಡಿಸಿ ನೋಡಿ, ‘ಮಲೆನಾಡಿನ ಮಳೆ ಮೇಡಂ, ನಾವೇನು ಮಾಡುವುದು’ ಎಂದ. ಮಲೆನಾಡಿನಲ್ಲಿ ಮಳೆ ಬರುತ್ತದೆ ಎಂಬುದು ಆತನಿಗೆ ಏಪ್ರಿಲ್‌ನಲ್ಲಿ ಗೊತ್ತಿರಲಿಲ್ಲವೇ? ಗುಳ್ಳೆಗಳನ್ನು ಏನು ಮಾಡಿದಿರಿ ಎಂದು ಕೇಳಿದೆ. ಉಜ್ಜಿ, ತಗ್ಗು ತುಂಬುವ ಪುಟ್ಟಿ ಮೆತ್ತಿದ್ದಾರಂತೆ. ಪುಟ್ಟಿಯ ಹಿಂದೆ ತಗಡು ಇದೆಯೇ ಎಂದರೆ ಮಾತಿಲ್ಲ. ಒಳಗೇಕೆ ನೋಡಲಿಲ್ಲ ಎಂದದ್ದಕ್ಕೆ ಕೊಟ್ಟ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: ‘ಒಳಗೆ ಯಾರು ನೋಡುತ್ತಾರೆ ಮೇಡಂ?’

ನಾನು ನೋಡುತ್ತೇನೆ ಮಾರಾಯ! ತುಕ್ಕು ನೋಡುತ್ತದೆ! ಹೊರಗಿನ ತಗಡಿನ ಅಂಚನ್ನು ಒಳಗಿನ ಚೌಕಟ್ಟಿನ ಮೇಲೆ ಮಡಚಿ ಕೂರಿಸಿರುತ್ತಾರಲ್ಲ, ಆ ಮಡಿಕೆಯೊಳಗೆ ನೀರು ಬತ್ತಿಗೆ ಎಣ್ಣೆ ಏರಿದ ಹಾಗೆ ಏರಿ ಕೂರುತ್ತದೆ. ಅಲ್ಲಿಗೆ ಬಣ್ಣ ಹೋಗುವುದಿಲ್ಲ, ಬಿಸಿಲು ಹೋಗುವುದಿಲ್ಲ. ತುಕ್ಕಾದ ಕಬ್ಬಿಣ ಮೊದಲಿನ ಎರಡು ಪಟ್ಟಿಗಿಂತ ಹೆಚ್ಚು ಜಾಗ ಕೇಳುತ್ತದೆ, ಮಡಿಕೆಯನ್ನೇ ಬಾಯಿ ಬಿಡಿಸಿ ಹೊರಗೆ ಬರುತ್ತದೆ. ನಮ್ಮ ಕಣ್ಣಿಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಿಥಿಯೂಟ ಮುಗಿದಿರುತ್ತದೆ. ಅದರ ಮೇಲೆ ಪುಟ್ಟಿ ಮೆತ್ತಿದರೆ ಪುಟ್ಟಿಯೇ ಹಿಂದಿನಿಂದ ನೀರು ಹೀರುತ್ತದೆ. ಆಗಸ್ಟ್ ಮುಗಿಯುವಷ್ಟರಲ್ಲಿ ಗುಳ್ಳೆಗಳು ಅದೇ ಜಾಗದಲ್ಲಿ, ಈ ಸಲ ಬಟಾಣಿ ಹೋಗಿ ಅವರೆಕಾಳಿನ ಗಾತ್ರದಲ್ಲಿ ಎದ್ದವು. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತದ ಬೊಂಬೆಯನ್ನು ಬಾಗಿಲಿನುದ್ದಕ್ಕೂ ಎಳೆದು ನೋಡಿದೆ. ಮೇಲೆಲ್ಲ ಕಚ್ಚಿಕೊಂಡಿತು, ಕೆಳಗಿನ ಒಂದು ಗೇಣು ಜಾಗದಲ್ಲಿ ಜಾರಿ ಬಿತ್ತು. ಅಷ್ಟುದ್ದ ನನ್ನ ಕಾರು ಕಬ್ಬಿಣದ್ದಲ್ಲ, ಪುಟ್ಟಿಯದು. ಗಾಡಿ ತರುವ ದಿನವೇ ಇದನ್ನು ಮಾಡಬೇಕಿತ್ತು. ಹೊಳಪು ನೋಡಿ ಮರುಳಾದದ್ದು ನನ್ನ ತಪ್ಪು, ಬರೆದುಕೊಳ್ಳಿ.

ಇದೇನು ಯಾರಿಗೂ ತಿಳಿಯದ ವಿದ್ಯೆಯೇ? ನಮ್ಮ ತೋಟದಲ್ಲಿ ಕೆಲಸ ಮಾಡುವ ಒಬ್ಬೊಬ್ಬರೂ ಸಂಜೆ ಕತ್ತಿ ತೊಳೆದು, ಒರೆಸಿ, ಎಣ್ಣೆ ಸವರಿ ಇಡುತ್ತಾರೆ. ಒದ್ದೆ ಕತ್ತಿಯನ್ನು ಒರೆಯೊಳಗೆ ಹಾಕಿಟ್ಟವನಿಗೆ ಬೈಗುಳ ಗ್ಯಾರಂಟಿ. ಒದ್ದೆ ತಗಡಿಗೆ ಕಪ್ಪು ಬಳಿದು ಬಿಲ್ಲು ಕೊಟ್ಟವನಿಗೆ ಮಾತ್ರ 4,500 ರೂಪಾಯಿ. ಅಮ್ಮ ಬಾಳೆಕಾಯಿ ಹೆಚ್ಚಿದರೆ ಮೆಟ್ಟುಕತ್ತಿ ಕಪ್ಪಾಗುತ್ತಿತ್ತು. ಬಾಳೆಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದದ್ದೂ ಅದೇ ಲೆಕ್ಕ. ಇವತ್ತು ಅಂಗಡಿಯಲ್ಲಿ ಸಿಗುವ ರಸ್ಟ್ ಕನ್ವರ್ಟರ್‌ಗಳಲ್ಲಿ ಹಲವು ಇದನ್ನೇ ಮಾಡುತ್ತವೆ. ಒಳಗಿರುವುದು ಟ್ಯಾನಿಕ್ ಆಮ್ಲ, ಕೆಂಪು ತುಕ್ಕನ್ನು ಕಪ್ಪಗೆ ತಿರುಗಿಸಿ ಕೂರಿಸುತ್ತದೆ. ಇನ್ನು ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ.

ಆದರೆ ಅದನ್ನು ಸಡಿಲ ಚಕ್ಕೆಯ ಮೇಲೆ ಹಚ್ಚಿದರೆ ದಂಡ. ಚಕ್ಕೆ ಉದುರಿದಾಗ ಅದೂ ಉದುರುತ್ತದೆ. ಮೊದಲು ಕೆರೆಯಬೇಕು. ಬಾಗಿಲೊಳಗೆ ಕೈ ಹೋಗುವುದು ಅಂಗೈ ಅಗಲದ ಕಿಂಡಿಗಳಲ್ಲಿ, ಅಂಚುಗಳೆಲ್ಲ ಬ್ಲೇಡು. ಎರಡು ದಿನ ತಂತಿ ಬ್ರಷ್ಷು ಹಿಡಿದು ಕೆರೆದೆ, ಮುಂಗೈ ತುಂಬಾ ಬೆಕ್ಕು ಪರಚಿದ ಹಾಗೆ ಗೀರು. ಒಣಗಿಸುವುದು ಅದಕ್ಕಿಂತ ಕಷ್ಟ. ಶ್ರಾವಣದಲ್ಲಿ ನಮ್ಮಲ್ಲಿ ಕರ್ಚೀಫೇ ಒಣಗುವುದಿಲ್ಲ, ಇನ್ನು ಬಾಗಿಲ ಮಡಿಕೆ ಒಣಗೀತೇ? ಹಳೆಯ 60 ವಾಟಿನ ಬಲ್ಬನ್ನು ಬಾಗಿಲೊಳಗೆ ಇಳಿಬಿಟ್ಟು, ಎಲ್ಲೂ ತಾಗದಂತೆ ಕಟ್ಟಿ, ಮೂರು ದಿನ ಹಗಲೆಲ್ಲ ಉರಿಸಿ ಕಾವಲು ಕೂತೆ. ಕೋಳಿಮರಿಗೆ ಕಾವು ಕೊಟ್ಟ ಹಾಗೆ. ಆಮೇಲೆ ಕನ್ವರ್ಟರ್, ಅದು ಕಪ್ಪಾಗಿ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಬೋರ್ಡಿನ ಹಿಂದೆ ಹೊಸ ಪ್ಲಾಸ್ಟಿಕ್ ಹಾಳೆ. ತೂಬುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿಟ್ಟುಕೊಂಡು ಬಣ್ಣ ಹಚ್ಚಿದೆ, ಕೊನೆಗೆ ಕಡ್ಡಿ ಕಿತ್ತೆ. ನೋಡಿ, ಎಷ್ಟು ಕಷ್ಟದ ಕೆಲಸ! ಒಂದು ಬೆಂಕಿಕಡ್ಡಿ.

ಇಷ್ಟಾದರೂ ಇದು ತಾತ್ಕಾಲಿಕ. ಪುಟ್ಟಿ ಇರುವ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಆ ಬೆಸುಗೆಯ ಬಿಸಿಗೆ ಒಳಗಿನ ಪ್ರೈಮರ್ ಸುಟ್ಟುಹೋಗುತ್ತದೆ, ಅಲ್ಲಿ ಮತ್ತೆ ಹಚ್ಚಬೇಕು, ಹೊರಗೆ ಬಣ್ಣವಾದ ಮೇಲೆ ಮಡಿಕೆಯೊಳಗೆ ಮೇಣ ಚಿಮ್ಮಿಸಬೇಕು. ಮೇಣ ಮೊದಲು, ಬಣ್ಣ ಆಮೇಲೆ ಎಂದರೆ ಬಣ್ಣ ಹಿಡಿಯುವುದಿಲ್ಲ. ಅದೂ ಜನವರಿ ಫೆಬ್ರವರಿಯ ಒಣ ಹವೆಯಲ್ಲೇ ಆಗಬೇಕು, ಇಲ್ಲವಾದರೆ ಮೇಣದ ಹಿಂದೆ ನೀರನ್ನು ಬೀಗ ಹಾಕಿಟ್ಟ ಹಾಗೆ. ಬದಲಿಗೆ ಬೇರೆ ಬಾಗಿಲು ಹಾಕೋಣವೆಂದರೆ ಅಂಬಾಸಿಡರ್ ತಯಾರಿಸುತ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರಲ್ಲೇ ನಿಂತಿದೆ. ಗುಜರಿಯಲ್ಲಿ ಸಿಕ್ಕ ಒಂದು ಬಾಗಿಲು ನನ್ನದಕ್ಕಿಂತ ತೂತು.

ಇದರ ಮಧ್ಯೆ ಮನೆಯವರ ಉಪಕಾರವೂ ಉಂಟು. ‘ಪಾಪ, ಗಾಡಿ ನೆನೆಯುತ್ತದೆ’ ಎಂದು ನಮ್ಮ ಯಜಮಾನರು ಶೆಡ್ಡಿನಲ್ಲಿ ನಿಂತ ಒದ್ದೆ ಕಾರಿಗೆ ಟಾರ್ಪಾಲು ಹೊದಿಸಿ, ಗಾಳಿಯಾಡದಂತೆ ನಾಲ್ಕೂ ಕಡೆ ಹಗ್ಗ ಬಿಗಿದಿದ್ದರು. ಬೆಳಿಗ್ಗೆ ಬಿಚ್ಚಿದರೆ ಒಳಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹನಿ. ಅವರಿಗೆ ಏನೂ ಹೇಳಲಿಲ್ಲ. ಟಾರ್ಪಾಲನ್ನು ಸೌದೆಗೆ ಹೊದಿಸಿದೆ, ಕಾರಿನ ಗಾಜುಗಳನ್ನು ಎರಡು ಬೆರಳು ಇಳಿಸಿಟ್ಟೆ. ಅಣ್ಣ ಫೋನು ಮಾಡಿ, ‘50 ವರ್ಷ ದಾಟಿದೆಯಲ್ಲ, ವಿಂಟೇಜ್ ಎಂದು ನೋಂದಾಯಿಸು, ಬೆಲೆ ಬರುತ್ತದೆ’ ಎಂದ. 2021ರ ಆ ನಿಯಮ ನನಗೂ ಗೊತ್ತು. ಹೊಸ ನೋಂದಣಿಗೆ ಶುಲ್ಕ 20,000, ಆಮೇಲೆ ದಿನನಿತ್ಯದ ಓಡಾಟಕ್ಕೆ ರಸ್ತೆಗೆ ತರುವಂತಿಲ್ಲ. ನನಗೆ ಬೇಕಿರುವುದು ಸಂತೆಗೆ ಹೋಗುವ ಕಾರು.

ವರ್ಕ್‌ಶಾಪಿನಿಂದ ಒಂದು ರೂಪಾಯಿಯೂ ವಾಪಸ್ ಬಂದಿಲ್ಲ. ಮೊನ್ನೆ ಮೊಬೈಲಿಗೆ ಅವರ ಸಂದೇಶ ಬಂದಿದೆ, ದಸರಾಕ್ಕೆ ಆಂಟಿ ರಸ್ಟ್ ಕೋಟಿಂಗ್ ಮೇಲೆ ರಿಯಾಯಿತಿಯಂತೆ.

ನಿನ್ನೆ ಜೋರು ಮಳೆಯಲ್ಲೇ ಪೇಟೆಗೆ ಹೋಗಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ್ದೆ. ಬಾಗಿಲಿನ ಕೆಳಗಿನಿಂದ ತೊಟತೊಟನೆ ನೀರು ಬೀಳುತ್ತಿತ್ತು, ಎರಡೂ ತೂಬಿನಿಂದ, ಒಂದೇ ಸಮನೆ. ಪೆಟ್ರೋಲ್ ಹಾಕುವ ಹುಡುಗ ಬಗ್ಗಿ ನೋಡಿ ಕಿಟಕಿಯ ಹತ್ತಿರ ಬಂದ.

‘ಅಕ್ಕ, ನಿಮ್ಮ ಬಾಗಿಲು ಸೋರುತ್ತಿದೆ. ಇಲ್ಲೇ ಒಂದು ವರ್ಕ್‌ಶಾಪ್ ಇದೆ, ಒಂದು ಕೋಟಿಂಗ್ ಹೊಡೆದರೆ ನಿಂತುಹೋಗುತ್ತದೆ.’