ಸತ್ಯಾಂಶ: ‘ಒಂದು ಸಹಿ ಹಾಕಿ ಬಿಟ್ಟರೆ ಸಾಕು’ ಎನ್ನುವ ಮೆಸೇಜ್ ತಪ್ಪು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಎಣ್ಮಕಜೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ‘ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಕ್ಕಳಿಗೆ 18 ತುಂಬಿದ ಮೇಲೆ ಅಪ್ಪ ಅಮ್ಮ ಒಂದು ಸಹಿ ಹಾಕಿ ಯಾವುದಾದರೂ ಆಶ್ರಮಕ್ಕೆ ಸೇರಿಸಬಹುದು. ಊಟ ಬಟ್ಟೆ ಸಿಕ್ಕಿದರೆ ಸಾಕು, ಅವರಿಗೇನು ಗೊತ್ತಾಗುತ್ತದೆ?’

ಇದು ನಿಜವಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕದ ದುರಂತ ಕಂಡ ಈ ಊರುಗಳಲ್ಲಿ ‘ನಾವು ಹೋದ ಮೇಲೆ ಯಾರು?’ ಎಂದು ನಿದ್ದೆಗೆಡುವ ತಾಯಂದಿರು ಎಷ್ಟೋ ಜನ. ಅವರಿಗೆ ಸರಿಯಾದ ಮಾಹಿತಿ ಸಿಗಲೇಬೇಕು.

18 ಆದ ಮೇಲೆ ಹೆತ್ತವರು ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. ಪೋಷಕರಾಗಿ ನೇಮಕವಾಗಲು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಇವರನ್ನು ನೋಡಿಕೊಳ್ಳುವ ಆಶ್ರಮದಂಥ ಸಂಸ್ಥೆಗೆ ನೋಂದಣಿ ಕಡ್ಡಾಯ. ಪ್ರಮಾಣಪತ್ರ ಎದ್ದು ಕಾಣುವ ಹಾಗೆ ಹಾಕಿರಬೇಕು. ಇಂಥ ಕಡೆಯೇ ಇರು ಎಂದು ಯಾರನ್ನೂ ಬಲವಂತ ಮಾಡದ ಹಾಗೆ ನೋಡಿಕೊಳ್ಳಲು ಸರ್ಕಾರ ಪ್ರಯತ್ನಿಸಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ.

ಇನ್ನು ‘ಗೊತ್ತಾಗುವುದಿಲ್ಲ’ ಎನ್ನುವ ಮಾತು. ಈ ಮಾತು ನನಗೆ ಜಾಸ್ತಿ ನೋವು ಕೊಡುತ್ತದೆ. ತನ್ನದೇ ತಟ್ಟೆ, ತನ್ನದೇ ಟವೆಲ್ ಕಾಣದಿದ್ದರೆ ತಳಮಳಿಸುವವರು ಇವರು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಕೇಳಿ ಬೆಳೆದವರು ಮಲಯಾಳ ಮಾತ್ರ ಬರುವ ಸಿಬ್ಬಂದಿ ಹತ್ತಿರ ‘ಹೊಟ್ಟೆ ನೋವು’ ಎಂದರೆ ಯಾರಿಗೆ ಅರ್ಥವಾಗಬೇಕು? ಆಮೇಲೆ ಅದನ್ನೇ ಸುಮ್ನೆ ಹಟ ಅಂದುಬಿಡುತ್ತಾರೆ, ಅಲ್ವಾ?

ಹಾಗಾಗಿ ಸಂಸ್ಥೆ ನೋಡಲು ಹೋದಾಗ ಕಟ್ಟಡ ನೋಡಿ ಮರುಳಾಗಬೇಡಿ. ರಾತ್ರಿ ಎಷ್ಟು ಜನ ಸಿಬ್ಬಂದಿ, ಕನ್ನಡ ಯಾರಿಗೆ ಬರುತ್ತದೆ, ಹಗಲಿಡೀ ಇವರು ಏನು ಮಾಡುತ್ತಾರೆ ಎಂದು ಕೇಳಿ. ಮೊದಲೇ ಹೇಳದೆ ಬಂದರೆ ನಮ್ಮ ಮಗನನ್ನೋ ಮಗಳನ್ನೋ ನೋಡಲು ಬಿಡುತ್ತೀರಾ ಎಂದೂ ಕೇಳಿ.