ಹಾಡನ್ನೇ ಓಡಿಸಿದರೆ ಇನ್ನೇನು ನೋಡ್ತೀರಿ?

ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಇವತ್ತು ನಿದ್ದೆ ಬರುವುದಿಲ್ಲ.

ಅಕ್ಕನ ಮಗಳು ರಜೆಗೆ ಬಂದಿದ್ದಾಳೆ. ಚಿಕ್ಕದಾಗಿರೋ ಅನಿಮೆ ಯಾವುದಾದರೂ ಹೇಳು ಚಿಕ್ಕಿ ಅಂದಳು. ನನ್ನನ್ನು ಕೇಳಬೇಕೇ? ‘ಬ್ಲ್ಯಾಕ್ ರಾಕ್ ಶೂಟರ್’ ಹಾಕಿಕೊಟ್ಟೆ. 2012ರ ಜಪಾನಿ ಕಾರ್ಟೂನ್ ಸರಣಿ, ಎಂಟೇ ಕಂತು. ಶುರುವಿನ ಹಾಡು ಬಂತು. ಮಹಾರಾಯ್ತಿ ಪರದೆಯ ಬಲಗಡೆ ಟಪ್ ಟಪ್ ಟಪ್ ಅಂತ ಕುಟ್ಟಿ ಇಡೀ ಹಾಡನ್ನು ಓಡಿಸಿಬಿಟ್ಟಳು. “ಹಾಡು ತಾನೇ ಚಿಕ್ಕಿ, ಕಥೆ ಶುರುವಾಗ್ಲಿ.”

ಹಾಡು ತಾನೇ ಅಂತೆ!

ಆ ಹಾಡಿಲ್ಲದಿದ್ದರೆ ನೀನು ಕಾಯುತ್ತಿರುವ ಆ ಕಥೆ ಎಲ್ಲಿಂದ ಬರುತ್ತಿತ್ತು ತಾಯಿ? 2007ರ ಡಿಸೆಂಬರಿನಲ್ಲಿ ಹುಕೆ ಎಂಬ ಚಿತ್ರಕಾರ ಒಂದು ಚಿತ್ರ ಬರೆದ. ಕಪ್ಪು ಕೋಟಿನ ಹುಡುಗಿ, ಒಂದು ಉದ್ದ ಒಂದು ಗಿಡ್ಡ ಎರಡು ಜುಟ್ಟು, ಎಡಗಣ್ಣಲ್ಲಿ ನೀಲಿ ಬೆಂಕಿ. ಕಥೆ ಗಿಥೆ ಏನೂ ಇಲ್ಲ. ಸೂಪರ್‌ಸೆಲ್ ಎಂಬ ಸಂಗೀತ ಗುಂಪಿನ ರಿಯೊ ಅದನ್ನು ನೋಡಿ ‘ಬ್ಲ್ಯಾಕ್ ರಾಕ್ ಶೂಟರ್’ ಅಂತಲೇ ಹಾಡು ಕಟ್ಟಿದ. 2008ರ ಜೂನ್‌ನಲ್ಲಿ ಅದು ನಿಕೊ ನಿಕೊ ಡೌಗಾ ಎಂಬ ಜಪಾನಿ ವಿಡಿಯೊ ತಾಣಕ್ಕೆ ಬಂತು. ವಿಡಿಯೊದಲ್ಲಿ ಹುಕೆಯ ಚಿತ್ರಗಳು, ದನಿ ಹತ್ಸುನೆ ಮಿಕುದು. ಅಂದರೆ ಹಾಡಿದ್ದು ಮನುಷ್ಯರೇ ಅಲ್ಲ, ಸಾಫ್ಟ್‌ವೇರ್. ಸಾಕಿ ಫುಜಿತಾ ಎಂಬ ಕಂಠನಟಿಯ ದನಿಯ ತುಣುಕುಗಳಿಂದ ಮಾಡಿದ್ದು. ಸ್ವರ, ಮಾತು ಎರಡನ್ನೂ ಕೂರಿಸಿ ಹಾಡಿಸಬೇಕು. ಮೇಲಿನ ಸ್ವರಗಳಲ್ಲಿ ಆ ದನಿ ತಗಡಿನಂತೆ ಕೊಯ್ಯುತ್ತದೆ. ಆದರೂ ಅಳು ತರಿಸುತ್ತದೆ. ಹೇಗೆ ಅಂತ ನನ್ನನ್ನು ಕೇಳಬೇಡಿ.

“ಮೊದಲು ಬಂದಿದ್ದು ಚಿತ್ರ, ಹಾಡಲ್ಲ” ಅಂತ ಕಮೆಂಟಿಸಲು ಬೆರಳು ತುರಿಸುತ್ತಿರುವವರೇ, ಗೊತ್ತು. ಈಗಷ್ಟೇ ನಾನೇ ಬರೆದೆ. ಆದರೆ ಆ ಚಿತ್ರವನ್ನು ಊರೆಲ್ಲಾ ಓಡಾಡಿಸಿದ್ದು ಯಾವುದು? ಹಾಡು. 2010ರ ಒವಿಎ (ಟಿವಿಗಲ್ಲದೆ ನೇರ ವಿಡಿಯೊ ಆಗಿ ಬರುವ ಅನಿಮೆ) ಬಂದಿದ್ದು ಆ ಜೋರಿನಲ್ಲೇ. ಆಮೇಲೆ ಜಪಾನಿನ ಫುಜಿ ಟಿವಿಯಲ್ಲಿ, ನೊಯ್ತಾಮಿನಾ ಎಂಬ ತಡರಾತ್ರಿಯ ಅನಿಮೆ ಹೊತ್ತಿನಲ್ಲಿ ಈ ಎಂಟು ಕಂತು.

ಸರಣಿಗೆ ಚಿತ್ರಕಥೆ ಬರೆದವರು ಮಾರಿ ಒಕಾದಾ. ಈ ಕಡೆ ಮಾತೊ, ಯೊಮಿ ಎಂಬ ಶಾಲೆಯ ಹುಡುಗಿಯರು, ಅವರ ಗೆಳೆತನ, ಹೊಟ್ಟೆಕಿಚ್ಚು. ಯೊಮಿಯನ್ನು ಬಿಡಲೊಲ್ಲದ, ಗಾಲಿಕುರ್ಚಿಯ ಕಗಾರಿ. ಆ ಕಡೆ ಇನ್ನೊಂದು ಲೋಕ. ಅಲ್ಲಿ ಇವರದೇ ಮುಖದ ಹುಡುಗಿಯರು ಮಾತಿಲ್ಲದೆ ಬಡಿದಾಡುತ್ತಾರೆ. ಅಲ್ಲಿ ಒಬ್ಬಳು ಸತ್ತರೆ ಇಲ್ಲಿರುವವಳು ತನ್ನನ್ನು ಕೊರೆಯುತ್ತಿದ್ದ ನೋವನ್ನೇ ಮರೆಯುತ್ತಾಳೆ. ನೋವಿನ ಜೊತೆ ಪ್ರೀತಿಯೂ ಹೋಗುತ್ತದೆ! ಕಗಾರಿಗೆ ಹಾಗೆ ಆದಮೇಲೆ ಯೊಮಿಯ ಮುಖ ಒಮ್ಮೆ ನೋಡಿ. ಪೀಡೆ ತೊಲಗಿತು ಅಂತ ಹಗುರಾಗಬೇಕಾದವಳು ಒಳಗೊಳಗೇ ಕುಸಿಯುತ್ತಾಳೆ. ಹಾಡಿನಲ್ಲಿರುವ ಆ ಒಂಟಿತನ ಇದೇ ಅಲ್ವಾ? ಹಾಡು ಓಡಿಸಿದವರಿಗೆ ಅದು ಸುಮ್ನೆ ಹೊಡೆದಾಟ, ಗ್ರಾಫಿಕ್ಸ್.

ಹಾಗಂತ ಸರಣಿ ಅಪ್ಪಟ ಬಂಗಾರ ಅಂತ ನಾನೆಲ್ಲೂ ಹೇಳಿಲ್ಲ. ಅಳು ಜಾಸ್ತಿ. ಮಕ್ಕಳಿಗೆ ಕಾಫಿ ಕೊಟ್ಟು ಸಮಾಧಾನ ಮಾಡುವ ಸಾಯಾ ಟೀಚರ್ ಮೇಲೆ ನನಗೆ ಮೊದಲಿಂದಲೂ ಅನುಮಾನ. ಕೆಲವು ಕಡೆ ಹಾಡು ಐದು ನಿಮಿಷದಲ್ಲಿ ಮುಟ್ಟಿಸಿದ್ದನ್ನು ಒಂದು ಕಂತು ಪೂರ್ತಿ ಎಳೆದಿದ್ದಾರೆ. ಅದಕ್ಕೇ ಹೇಳ್ತಿರೋದು, ಓಡಿಸಲೇಬೇಕು ಅಂದರೆ ಕಥೆ ಓಡಿಸಿ, ಹಾಡು ಬಿಡಿ.

“ಒಂದೇ ಹಾಡನ್ನು ಎಷ್ಟು ಸಲ ಕೇಳೋದು?” ಅಂತಾರೆ. ರೀಲ್ಸ್‌ನಲ್ಲಿ ಒಂದೇ ತುಣುಕನ್ನು ಬೆಳಗಿಂದ ರಾತ್ರಿವರೆಗೆ ಕೇಳುವವರ ಬಾಯಲ್ಲಿ ಈ ಮಾತು! ಆಹಾ.

ನನ್ನ ಪಿಜಿ ದಿನಗಳು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಆಫೀಸಿನಿಂದ ಬಂದರೆ ಊಟ ಆಯ್ತಾ ಅಂತ ಕೇಳುವವರಿರಲಿಲ್ಲ. ಜಪಾನಿ ಭಾಷೆಯ ಒಂದು ಅಕ್ಷರ ಬಾರದ ನಾನು ಈ ಹಾಡನ್ನು ಕಿವಿಗೆ ಹಾಕಿಕೊಂಡು ಮಲಗುತ್ತಿದ್ದೆ. ಹುಡುಗಿಗೆ ಇದನ್ನೆಲ್ಲ ಹೇಳಲಿಲ್ಲ. ಹೇಳಿದ್ದರೆ ಅದನ್ನೂ ಟಪ್ ಟಪ್ ಅಂತ ಓಡಿಸುತ್ತಿದ್ದಳೇನೋ.

ನೋಡುವವರು 2008ರ ಹಾಡು ಮೊದಲು ಕೇಳಿ, ಹೆಡ್‌ಫೋನ್ ಹಾಕಿಕೊಂಡು. ಆಮೇಲೆ 2012ರ ಸರಣಿ. 2022ರಲ್ಲಿ ಬಂದ ಇದರ ಹೊಸ ಸರಣಿ ‘ಡಾನ್ ಫಾಲ್’ ಹೇಗಿದೆ ಅಂತ ಮಾತ್ರ ಕೇಳಬೇಡಿ. ಅದಕ್ಕೆ ಬೇರೆ ಪೋಸ್ಟ್ ಬೇಕು, ಬೇರೆ ಸಿಟ್ಟೂ ಬೇಕು.